ಮರಳಿ ಬರಬೇಕಾದ ತಾಯಿ

ಒಂದು ವ್ಯಾಧಿಯ ಚರಿತ್ರೆಯನ್ನು ಬರೆಯಹೊರಟವರು ಬಹುಮಟ್ಟಿಗೆ ಅದರ ಔಷಧದ ಚರಿತ್ರೆಯನ್ನೇ ಬರೆದು ಮುಗಿಸುವುದುಂಟು. ರೋಗಾಣುವನ್ನು ಮೊದಲು ಕಂಡವರು ಯಾರು, ಯಾವ ಪ್ರಯೋಗಶಾಲೆಯಲ್ಲಿ ಯಾವ ದ್ರವ್ಯ ಸಿದ್ಧವಾಯಿತು, ಅದರಿಂದ ನೂರರಲ್ಲಿ ಎಷ್ಟು ಜೀವ ಉಳಿಯಿತು ಎಂದಿಷ್ಟನ್ನು ಹೇಳಿಬಿಟ್ಟರೆ ಕಥನ ಪೂರ್ಣವಾಯಿತೆಂಬ ಭಾವನೆ ನಮ್ಮಲ್ಲಿ ರೂಢವಾಗಿದೆ. ಆದರೆ ಎಚ್‌ಐವಿ ಸೋಂಕಿಗೆ ಒಳಗಾದ ತಾಯಂದಿರ ಹಾಗೂ ಅವರ ಹಸುಳೆಗಳ ವಿಷಯದಲ್ಲಿ ಔಷಧದ ವೃತ್ತಾಂತವು ಅರ್ಧ ಮಾತ್ರ. ಔಷಧವಿದ್ದ ಬಾಗಿಲಿಗೆ ಒಮ್ಮೆ ಬಂದ ತಾಯಿ ಎರಡನೆಯ ಸಲ ಬಾರದೆ ಹೋದುದೇಕೆ, ಬಂದವಳು ಬರುತ್ತಲೇ ಇರುವಂತೆ ಆದುದು ಹೇಗೆ ಎಂಬುದು ಅದರ ಉಳಿದರ್ಧ. ಈ ಎರಡನೆಯ ಭಾಗವು ರೂಪುಗೊಂಡುದು ಮುಖ್ಯವಾಗಿ ಆಫ್ರಿಕಾ ಖಂಡದ ದಕ್ಷಿಣ ಪ್ರಾಂತಗಳಲ್ಲಿ, ಸುಮಾರು ಮೂರು ದಶಕಗಳ ಅವಧಿಯಲ್ಲಿ. ಅದನ್ನು ರೂಪಿಸಿದವರಲ್ಲಿ ಪ್ರಖ್ಯಾತ ವೈದ್ಯರಿಗಿಂತ ದಾದಿಯರೂ, ತಾವೇ ಸೋಂಕಿತರಾಗಿದ್ದ ಸಾಮಾನ್ಯ ಹೆಂಗಸರೂ ಹೆಚ್ಚು.

ವಿಷಯದ ಮೂಲವನ್ನು ಮೊದಲು ತಿಳಿದುಕೊಳ್ಳುವುದು ಉಚಿತ. ತಾಯಿಯಿಂದ ಶಿಶುವಿಗೆ ಈ ರೋಗಾಣು ಮೂರು ಕಾಲಗಳಲ್ಲಿ ದಾಟಬಲ್ಲದು: ಗರ್ಭದಲ್ಲಿರುವಾಗ, ಪ್ರಸವದ ಹೊತ್ತಿನಲ್ಲಿ, ಅನಂತರ ಎದೆಹಾಲಿನ ಮೂಲಕ. ಯಾವ ಚಿಕಿತ್ಸೆಯೂ ಇಲ್ಲದಿದ್ದಲ್ಲಿ ನೂರು ಶಿಶುಗಳ ಪೈಕಿ 15ರಿಂದ 45ರವರೆಗೆ ಸೋಂಕನ್ನು ಪಡೆಯುತ್ತವೆ. ಹಾಗೆ ಸೋಂಕು ತಗಲಿದ ಶಿಶುಗಳಿಗೆ ಔಷಧ ದೊರೆಯದಿದ್ದರೆ ಅವುಗಳಲ್ಲಿ ಅರ್ಧದಷ್ಟು ಎರಡು ವರ್ಷ ತುಂಬುವ ಮೊದಲೇ ತೀರಿಹೋಗುತ್ತವೆ. 1994ರಲ್ಲಿ ಅಮೆರಿಕೆಯಲ್ಲಿಯೂ ಫ್ರಾನ್ಸಿನಲ್ಲಿಯೂ ನಡೆದ ಒಂದು ಪ್ರಯೋಗದಿಂದ, ಜಿಡೋವುಡಿನ್ ಎಂಬ ಔಷಧವನ್ನು ಗರ್ಭಿಣಿಗೆ ದಿನಕ್ಕೆ ಐದು ಸಲ ನುಂಗಿಸಿ, ಪ್ರಸವಕಾಲದಲ್ಲಿ ರಕ್ತನಾಳದ ಮೂಲಕ ಹರಿಸಿ, ಹುಟ್ಟಿದ ಮಗುವಿಗೆ ಆರು ವಾರ ದ್ರವರೂಪದಲ್ಲಿ ಕುಡಿಸಿದರೆ, ಸೋಂಕು ದಾಟುವ ಪ್ರಮಾಣವು ಶೇಕಡಾ 25.5ರಿಂದ 8.3ಕ್ಕೆ ಇಳಿಯುವುದೆಂದು ಸಿದ್ಧವಾಯಿತು. ಮಹತ್ತಾದ ವಾರ್ತೆಯೇ ಸರಿ. ಆದರೆ ಈ ಚಿಕಿತ್ಸಾಕ್ರಮದ ಒಳಗೆ ಒಂದು ನಿರೀಕ್ಷೆ ಅಡಗಿತ್ತು: ಗರ್ಭಿಣಿಯು ತಿಂಗಳುಗಳ ಮೊದಲೇ ಆಸ್ಪತ್ರೆಗೆ ಬರುವಳು, ಕರೆದಾಗಲೆಲ್ಲ ಮತ್ತೆ ಬರುವಳು, ಅಲ್ಲಿಯೇ ಹೆರುವಳು, ಮಗುವಿಗೆ ತನ್ನ ಹಾಲನ್ನು ಬಿಟ್ಟು ಡಬ್ಬಿಯ ಹಾಲನ್ನು ಕೊಂಡು ಕುಡಿಸುವಳು ಎಂಬುದೇ ಆ ನಿರೀಕ್ಷೆ. ಪ್ಯಾರಿಸ್ಸಿನಲ್ಲಿ, ನ್ಯೂಯಾರ್ಕಿನಲ್ಲಿ ಅದು ಸಲ್ಲಬಹುದಾಗಿತ್ತು. ಸೋಂಕಿತ ತಾಯಂದಿರಲ್ಲಿ ಬಹುಪಾಲು ಜನ ವಾಸವಾಗಿದ್ದ ಸಹಾರಾದ ದಕ್ಷಿಣದ ನಾಡುಗಳಲ್ಲಿ ಸಲ್ಲಲಿಲ್ಲ.

ಆ ನಾಡುಗಳ ಸ್ಥಿತಿಗೆ ತಕ್ಕುದೆಂದು ತೋರಿದ ಉತ್ತರ 1999ರಲ್ಲಿ ಉಗಾಂಡದ ಕಂಪಾಲಾ ನಗರದಿಂದ ಬಂದಿತು. ಅಲ್ಲಿಯ ಮುಲಾಗೊ ಆಸ್ಪತ್ರೆಯ ಪ್ರಯೋಗದಲ್ಲಿ, ಹೆರಿಗೆಯ ನೋವು ತೊಡಗಿದಾಗ ತಾಯಿಗೆ ನೆವಿರಪಿನ್ ಎಂಬುದರ ಒಂದೇ ಒಂದು ಮಾತ್ರೆ, ಮಗು ಹುಟ್ಟಿದ ಮೂರು ದಿನಗಳೊಳಗೆ ಅದಕ್ಕೆ ಅದೇ ಔಷಧದ ಒಂದೇ ಗುಟುಕು, ಇಷ್ಟರಿಂದಲೇ ಸೋಂಕಿನ ಪ್ರಮಾಣ ಹೆಚ್ಚುಕಡಮೆ ಅರ್ಧಕ್ಕೆ ಇಳಿಯಿತು. ಅಲ್ಪಾವಧಿಯ ಜಿಡೋವುಡಿನ್ ಪಡೆದವರ ಶಿಶುಗಳಲ್ಲಿ ಮೂರೂವರೆ ತಿಂಗಳ ಹೊತ್ತಿಗೆ ಶೇಕಡಾ 25.1ರಷ್ಟಿದ್ದುದು ಇವರಲ್ಲಿ 13.1 ಆಯಿತು. ಮಾತ್ರೆಯನ್ನು ಮೊದಲೇ ಗರ್ಭಿಣಿಯ ಕೈಗೆ ಕೊಟ್ಟುಬಿಟ್ಟರೆ, ಅವಳು ತನ್ನ ಗುಡಿಸಲಿನಲ್ಲಿ ಸೂಲಗಿತ್ತಿಯ ಕೈಯಲ್ಲಿ ಹೆತ್ತರೂ ಅದನ್ನು ನುಂಗಬಹುದಾಗಿತ್ತು. ಸೂಕ್ಷ್ಮವಾಗಿ ನೋಡಿದರೆ ಇದು ಮರಳಿ ಬಾರದ ತಾಯಿಗೆಂದೇ ರಚಿತವಾದ ಚಿಕಿತ್ಸೆ. ಅವಳು ಬಾರದಿರುವುದನ್ನು ಬದಲಿಸಲಾಗದ ಸಂಗತಿಯೆಂದು ಅಂಗೀಕರಿಸಿ, ಅದರ ಮಿತಿಯೊಳಗೆ ಮಗುವನ್ನಾದರೂ ಉಳಿಸೋಣವೆಂಬ ಕರುಣೆ ಅದರ ಹಿಂದಿತ್ತು. ಅದರಿಂದ ಉಳಿದ ಮಕ್ಕಳು ಅಸಂಖ್ಯ. ಆ ಋಣವನ್ನು ಯಾರೂ ಅಲ್ಲಗಳೆಯಲಾರರು. ಆದರೂ ಆ ಮಾತ್ರೆ ತಾಯಿಯ ವ್ಯಾಧಿಗೆ ಔಷಧವಾಗಿರಲಿಲ್ಲ. ಒಮ್ಮೆ ನುಂಗಿ ನಿಲ್ಲಿಸಿದುದರಿಂದ ಅವಳ ದೇಹದಲ್ಲಿದ್ದ ರೋಗಾಣು ಆ ಔಷಧಕ್ಕೆ ಮಣಿಯದಂತಾಗುವ ಸಂಭವವೂ ಇತ್ತು. ಹೀಗೆ ಮಗುವು ಸೋಂಕಿನಿಂದ ಪಾರಾಗಿ, ಕೆಲವು ವರ್ಷಗಳೊಳಗೆ ತಾಯಿಯನ್ನು ಕಳೆದುಕೊಂಡು ತಬ್ಬಲಿಯಾಗುತ್ತಿತ್ತು.

ಆ ಒಂದು ಮಾತ್ರೆಯಾದರೂ ಎಲ್ಲ ತಾಯಂದಿರಿಗೂ ಸುಲಭವಾಗಿ ದೊರೆಯಲಿಲ್ಲವೆಂಬುದಕ್ಕೆ ದಕ್ಷಿಣ ಆಫ್ರಿಕಾದ ಇತಿಹಾಸವೇ ಸಾಕ್ಷಿ. 2000ದ ಜುಲೈ ತಿಂಗಳಲ್ಲಿ ಡರ್ಬನ್ ನಗರದಲ್ಲಿ ಸೇರಿದ ಅಂತಾರಾಷ್ಟ್ರೀಯ ಸಮ್ಮೇಳನದಲ್ಲಿ, ಹುಟ್ಟಿನಿಂದಲೇ ಸೋಂಕಿತನಾಗಿದ್ದ ಎನ್‌ಕೋಸಿ ಜಾನ್ಸನ್ ಎಂಬ 11 ವರ್ಷದ ಬಾಲಕನು ಸಹಸ್ರಾರು ವಿದ್ವಾಂಸರ ಎದುರು ನಿಂತು, ಸೋಂಕುಳ್ಳ ಗರ್ಭಿಣಿಯರಿಗೆ ಸರ್ಕಾರವು ಔಷಧವನ್ನು ಕೊಡಲೆಂದು ಬೇಡಿದನು. ಮರುವರ್ಷ ಜೂನ್ 1ರಂದು ಅವನು ತೀರಿಕೊಂಡನು. ನೆವಿರಪಿನ್ ತಯಾರಕರು ಅದನ್ನು ಐದು ವರ್ಷ ಉಚಿತವಾಗಿ ಕೊಡುವೆವೆಂದು ಮುಂದೆ ಬಂದಿದ್ದರೂ, ಸರ್ಕಾರವು ಪ್ರತಿ ಪ್ರಾಂತಕ್ಕೆ ಎರಡು ಕೇಂದ್ರಗಳಲ್ಲಿ ಮಾತ್ರ ಅದರ ಬಳಕೆಗೆ ಸಮ್ಮತಿಯಿತ್ತಿತು. ಟ್ರೀಟ್‌ಮೆಂಟ್ ಆಕ್ಷನ್ ಕ್ಯಾಂಪೇನ್ ಎಂಬ ಜನಸಂಘಟನೆಯು ಈ ನಿರ್ಬಂಧದ ವಿರುದ್ಧ ವ್ಯಾಜ್ಯ ಹೂಡಿತು. 2001ರ ಡಿಸೆಂಬರಿನಲ್ಲಿ ಪ್ರಿಟೋರಿಯಾದ ಉಚ್ಚ ನ್ಯಾಯಾಲಯವೂ, 2002ರ ಜುಲೈ 5ರಂದು ಆ ದೇಶದ ಸಂವಿಧಾನ ನ್ಯಾಯಾಲಯವೂ, ನಿರ್ಬಂಧವನ್ನು ತಡವಿಲ್ಲದೆ ತೆಗೆದುಹಾಕಬೇಕೆಂದು ತೀರ್ಪಿತ್ತವು. ಪ್ರಜೆಯ ಆರೋಗ್ಯದ ಹಕ್ಕನ್ನು ನ್ಯಾಯಪೀಠವು ಎತ್ತಿಹಿಡಿದ ಪ್ರಸಂಗಗಳಲ್ಲಿ ಇದು ಜಗತ್ತಿನಲ್ಲಿಯೇ ಗಣ್ಯವಾದುದು. ನ್ಯಾಯಾಲಯದ ಆಜ್ಞೆಯಿಂದ ಬಾಗಿಲು ತೆರೆಯಿತು. ಆದರೆ ಒಳಗೆ ಬಂದವಳನ್ನು ಮರುತಿಂಗಳು ಮತ್ತೆ ಕರೆತರುವ ಶಕ್ತಿ ಯಾವ ಆಜ್ಞೆಗೂ ಇಲ್ಲ.

ಇದೇ ವರ್ಷಗಳಲ್ಲಿ ಇನ್ನೊಂದು ಪ್ರಶ್ನೆ ಎದ್ದಿತು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಅಲನ್ ರೋಸನ್‌ಫೀಲ್ಡ್ ಎಂಬ ಪ್ರಸೂತಿವೈದ್ಯರು 1985ರಲ್ಲಿಯೇ, ತಾಯಿ–ಶಿಶು ಸಂರಕ್ಷಣೆಯೆಂಬ ಹೆಸರಿನ ಕಾರ್ಯಕ್ರಮಗಳಲ್ಲಿ ಶಿಶುವಿನ ಯೋಚನೆಯೇ ತುಂಬಿರುವುದನ್ನು ತೋರಿಸಿ, ತಾಯಿ ಎಲ್ಲಿ ಎಂದು ಕೇಳಿದ್ದರು. 2001ರಲ್ಲಿ ಅವರು ಅದೇ ಪ್ರಶ್ನೆಯನ್ನು ಎಚ್‌ಐವಿ ಕಾರ್ಯಕ್ರಮಗಳ ಮುಂದಿಟ್ಟರು: ಸೋಂಕು ತಾಯಿಯಿಂದ ಮಗುವಿಗೆ ದಾಟದಂತೆ ತಡೆಯುವ ಆತುರದಲ್ಲಿ ತಾಯಿಯನ್ನೇ ಮರೆತೆವಲ್ಲವೆ? ಮರುವರ್ಷ ಅವರ ನೇತೃತ್ವದಲ್ಲಿ, ತಾಯಿಗೂ ಮನೆಯವರಿಗೂ ಜೀವನಪರ್ಯಂತ ಚಿಕಿತ್ಸೆ ಕೊಡುವ ಒಂದು ಯೋಜನೆ ಕೆಲವು ಬಡ ದೇಶಗಳಲ್ಲಿ ಆರಂಭವಾಯಿತು. ಅದಕ್ಕೆ ಅನುಕೂಲವಾದುದು ಔಷಧದ ಬೆಲೆಯ ಕುಸಿತ; ಅದರಲ್ಲಿ ನಮ್ಮ ದೇಶದ ಪಾತ್ರ ದೊಡ್ಡದು. ವರ್ಷಕ್ಕೆ 10 ಸಾವಿರ ಡಾಲರುಗಳಿಗೂ ಮೇಲ್ಪಟ್ಟು ಬೆಲೆಬಾಳುತ್ತಿದ್ದ ಮೂರು ಔಷಧಗಳ ಸಂಯೋಗವನ್ನು ಮುಂಬಯಿಯ ಸಿಪ್ಲಾ ಸಂಸ್ಥೆಯು 2001ರ ಫೆಬ್ರುವರಿಯಲ್ಲಿ ಸೇವಾಸಂಸ್ಥೆಯೊಂದಕ್ಕೆ 350 ಡಾಲರುಗಳಿಗೆ ಕೊಡುವುದಾಗಿ ಘೋಷಿಸಿತು. ತಾಯಿಗೂ ಚಿಕಿತ್ಸೆ ಕೊಡುವುದು ಅಲ್ಲಿಂದಾಚೆಗೆ ಅಸಾಧ್ಯವೆನಿಸಲಿಲ್ಲ.

ಔಷಧದ ಜೊತೆಯಲ್ಲಿಯೇ ಹಾಲಿನ ಪ್ರಶ್ನೆಯೂ ಬೆಳೆಯಿತು. ಸೋಂಕು ಎದೆಹಾಲಿನಲ್ಲಿ ದಾಟುವುದಾದರೆ ಎದೆಹಾಲನ್ನೇ ಬಿಡಿಸೋಣವೆಂಬುದು ತರ್ಕಕ್ಕೆ ಸರಿಯೆಂದು ಕಂಡಿತು. ಬೋಟ್ಸ್ವಾನಾದಂಥ ದೇಶವು ಹಾಲುಪುಡಿಯನ್ನು ಉಚಿತವಾಗಿಯೇ ಹಂಚಿತು. 2005ರ ಕೊನೆಯಿಂದ 2006ರ ಆರಂಭದವರೆಗೆ ಅಲ್ಲಿ ಅತಿವೃಷ್ಟಿಯಾಗಿ ನೀರು ಕೆಟ್ಟಾಗ, ಅತಿಸಾರದಿಂದ ಮಡಿದ ಹಸುಳೆಗಳಲ್ಲಿ ಬಹುಪಾಲು ತಾಯಿಹಾಲು ಕುಡಿಯದಿದ್ದವು. ಅದಕ್ಕೂ ಮೊದಲೇ, 1999ರಲ್ಲಿ, ಡರ್ಬನ್ನಿನ ಸಂಶೋಧಕರು ಒಂದು ಅನಿರೀಕ್ಷಿತ ಸಂಗತಿಯನ್ನು ಕಂಡಿದ್ದರು: ಮೊದಲ ತಿಂಗಳುಗಳಲ್ಲಿ ಎದೆಹಾಲನ್ನು ಮಾತ್ರವೇ ಕುಡಿದ ಶಿಶುಗಳಲ್ಲಿ, ಎದೆಹಾಲಿನೊಡನೆ ಗಂಜಿ, ನೀರು, ಬೇರೆ ಹಾಲುಗಳನ್ನು ಬೆರೆಸಿ ಕುಡಿದ ಶಿಶುಗಳಿಗಿಂತ ಸೋಂಕು ಕಡಿಮೆಯಾಗಿತ್ತು. ಆದರೆ ನಮ್ಮ ವಿಷಯಕ್ಕೆ ಹೆಚ್ಚು ಸಂಬಂಧಪಡುವುದು ಹಾಲಿನ ಸಾಮಾಜಿಕ ಅರ್ಥ. ಮೊಲೆಯೂಡದ ಬಾಣಂತಿಯನ್ನು ಅತ್ತೆ, ನಾದಿನಿ, ನೆರೆಯವರು ಏಕೆಂದು ಕೇಳದೆ ಬಿಡುವ ಊರು ಎಲ್ಲಿದೆ? ಆಸ್ಪತ್ರೆಯಿಂದ ತಂದ ಡಬ್ಬಿಯು ಅವಳ ಗುಟ್ಟನ್ನು ಬೀದಿಗೆ ಸಾರುತ್ತಿತ್ತು. ಆ ಡಬ್ಬಿಯನ್ನು ಹಿಡಿದು ಮನೆಗೆ ಹೋಗಲಾರದವಳು, ಡಬ್ಬಿ ಕೊಡುವ ಆಸ್ಪತ್ರೆಗೆ ಮರಳುವುದನ್ನೇ ಬಿಟ್ಟಳು.

ಹೀಗೆ ಬಿಟ್ಟುಹೋದವಳನ್ನು ಹಿಂದಿನ ದಾಖಲೆಗಳು ಬಹುಕಾಲ ಅಜ್ಞಾನಿ, ಅಲಕ್ಷ್ಯಗಾರ್ತಿ ಎಂಬಂತೆ ಕಂಡವು. ಆ ದೃಷ್ಟಿಯನ್ನು ಬದಲಿಸಿದ ಪ್ರಯತ್ನಗಳಲ್ಲಿ ಒಂದು 2001ರಲ್ಲಿ ಕೇಪ್‌ಟೌನ್ ನಗರದಲ್ಲಿ ಹುಟ್ಟಿತು. ಅಲ್ಲಿಯ ಗ್ರೂಟ್ ಶೂರ್ ಆಸ್ಪತ್ರೆಯಲ್ಲಿ ಕೆಲಸಮಾಡುತ್ತಿದ್ದ ಮಿಚ್ ಬೆಸ್ಸರ್ ಎಂಬ ಪ್ರಸೂತಿವೈದ್ಯರು, ವೈದ್ಯನು ಕೆಲವು ನಿಮಿಷಗಳಲ್ಲಿ ಹೇಳಿದ ಮಾತು ಗರ್ಭಿಣಿಯ ಮನಸ್ಸಿಗೆ ಇಳಿಯದಿರುವುದನ್ನು ಗಮನಿಸಿ, ಅದೇ ಸೋಂಕನ್ನು ಹೊತ್ತು, ಅದೇ ಆಸ್ಪತ್ರೆಗಳಲ್ಲಿ ಹೆತ್ತು, ಮಗುವನ್ನು ಉಳಿಸಿಕೊಂಡ ತಾಯಂದಿರನ್ನೇ ಶಿಕ್ಷಣವಿತ್ತು ನೇಮಿಸಿದರು. ‘ಮದರ್ಸ್ ಟು ಮದರ್ಸ್’ ಎಂಬ ಈ ಸಂಸ್ಥೆಯು ಆಮೇಲೆ ಆಫ್ರಿಕಾದ ಹಲವು ದೇಶಗಳಿಗೆ ಹಬ್ಬಿತು. ಅದರ ವಿಶೇಷ ಎರಡು. ಮೊದಲನೆಯದು, ಈ ಮಾರ್ಗದರ್ಶಿ ತಾಯಂದಿರಿಗೆ ಸಂಬಳವಿತ್ತು. ಅವರು ದಯೆಯಿಂದ ಬಂದುಹೋಗುವವರಾಗಿರದೆ, ದಾದಿಯ ಪಕ್ಕದಲ್ಲಿ ಕುರ್ಚಿಯುಳ್ಳ ನೌಕರರಾಗಿದ್ದರು. ಎರಡನೆಯದು, ಅವರ ಮಾತಿಗಿಂತಲೂ ಅವರ ಇರವೇ ಔಷಧವಾಗಿತ್ತು. ನಿನ್ನ ರಕ್ತದಲ್ಲಿ ರೋಗಾಣುವಿದೆಯೆಂಬ ಮಾತನ್ನು ಆಗತಾನೆ ಕೇಳಿ ಕುಸಿದುಹೋದ ಹೆಣ್ಣಿಗೆ, ನನಗೂ ಇದೆ, ಈ ಓಡಾಡುವ ಮಗು ನನ್ನದೇ, ಅದಕ್ಕಿಲ್ಲ ಎಂದು ಹೇಳಬಲ್ಲ ಇನ್ನೊಬ್ಬ ಹೆಣ್ಣು ಎದುರಿಗಿದ್ದಾಗ ಉಂಟಾಗುವ ಧೈರ್ಯವನ್ನು ಯಾವ ಉಪದೇಶವೂ ಕೊಡಲಾರದು.

ಈ ಚರಿತ್ರೆಯ ಅತ್ಯಂತ ದಿಟ್ಟ ಹೆಜ್ಜೆಯನ್ನು ಇಟ್ಟುದು ಮಲಾವಿ ಎಂಬ ಚಿಕ್ಕ, ಬಡ ದೇಶ. ಯಾವ ಗರ್ಭಿಣಿಗೆ ಆಜೀವ ಚಿಕಿತ್ಸೆ, ಯಾವಳಿಗೆ ಹೆರಿಗೆಯವರೆಗೆ ಮಾತ್ರ ಎಂಬುದನ್ನು ರಕ್ತದಲ್ಲಿಯ ಸಿಡಿ–4 ಎಂಬ ರೋಗನಿರೋಧಕ ಕಣಗಳನ್ನೆಣಿಸಿ ನಿರ್ಧರಿಸಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯ 2010ರ ಸೂಚನೆಗಳು ಹೇಳುತ್ತಿದ್ದವು. ಎಣಿಸುವ ಯಂತ್ರ ಹಳ್ಳಿಯ ಚಿಕಿತ್ಸಾಲಯಗಳಲ್ಲಿ ಇರಲಿಲ್ಲ. ಅಲ್ಲಿಯ ಹೆಣ್ಣು ತನ್ನ ಆಯುಷ್ಯದಲ್ಲಿ ಐದಾರು ಬಾರಿ ಹೆರುವುದೂ, ಪ್ರತಿ ಮಗುವಿಗೆ ಎರಡು ವರ್ಷದ ಹತ್ತಿರಹತ್ತಿರ ಹಾಲೂಡುವುದೂ ಸಾಮಾನ್ಯವಾಗಿದ್ದುದರಿಂದ, ಔಷಧವನ್ನು ಆರಂಭಿಸುವುದು, ನಿಲ್ಲಿಸುವುದು, ಮತ್ತೆ ಆರಂಭಿಸುವುದು ವ್ಯರ್ಥವೆಂದು ಅಲ್ಲಿಯ ಅಧಿಕಾರಿಗಳು ಕಂಡರು. ಆದುದರಿಂದ 2011ರಲ್ಲಿ ಅವರು, ಸೋಂಕು ಕಂಡುಬಂದ ಪ್ರತಿಯೊಬ್ಬ ಗರ್ಭಿಣಿಗೂ ಬಾಣಂತಿಗೂ, ಯಾವ ಎಣಿಕೆಗೂ ಕಾಯದೆ, ದಿನಕ್ಕೊಂದು ಮಾತ್ರೆಯ ಚಿಕಿತ್ಸೆಯನ್ನು ಜೀವಮಾನವಿಡೀ ಕೊಡಲು ತೊಡಗಿದರು. ‘ಆಪ್ಷನ್ ಬಿ ಪ್ಲಸ್’ ಎಂದು ಪ್ರಸಿದ್ಧವಾದ ಕ್ರಮವಿದು. 2011ರ ಎರಡನೆಯ ತ್ರೈಮಾಸಿಕದಲ್ಲಿ ಚಿಕಿತ್ಸೆಗೆ ಸೇರಿದ ಇಂಥ ತಾಯಂದಿರು 1,257. 2012ರ ಮೂರನೆಯ ತ್ರೈಮಾಸಿಕದಲ್ಲಿ 10,663. ಧನಿಕ ದೇಶಗಳ ಪಂಡಿತರು ಹಿಂಜರಿದ ಕೆಲಸವನ್ನು ಬಡದೇಶವೊಂದು ತನ್ನ ಅನುಭವದ ಬಲದಿಂದ ಮಾಡಿತು. 2013ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಆ ದಾರಿಗೆ ಬಂದಿತು.

ಆದರೆ ಮಲಾವಿಯ ದಾಖಲೆಪುಸ್ತಕಗಳು ಇನ್ನೊಂದು ಸತ್ಯವನ್ನೂ ಹೇಳಿದವು. ಚಿಕಿತ್ಸೆ ಹಿಡಿದ ಆರು ತಿಂಗಳಲ್ಲಿ ಶೇಕಡಾ 17ರಷ್ಟು ತಾಯಂದಿರು ಕಣ್ಮರೆಯಾಗಿದ್ದರು. ವ್ಯಾಧಿ ಮುಂದುವರಿದು ತಮ್ಮ ಆರೋಗ್ಯಕ್ಕಾಗಿಯೇ ಚಿಕಿತ್ಸೆ ಹಿಡಿದ ಹೆಂಗಸರೊಡನೆ ಹೋಲಿಸಿದರೆ, ಗರ್ಭಿಣಿಯಾಗಿದ್ದಾಗ ಹಿಡಿದವರಲ್ಲಿ ಮೊದಲ ಭೇಟಿಯ ಅನಂತರ ಎಂದೂ ಮರಳದಿರುವ ಸಂಭವ ಐದು ಪಾಲು ಹೆಚ್ಚಾಗಿತ್ತು. ಸೋಂಕು ಗೊತ್ತಾದ ದಿನವೇ, ದೊಡ್ಡ ಆಸ್ಪತ್ರೆಯ ನೂಕುನುಗ್ಗಲಿನಲ್ಲಿ, ಔಷಧವನ್ನು ಕೈಗೆ ಪಡೆದವರು ಎಲ್ಲರಿಗಿಂತ ಹೆಚ್ಚಾಗಿ ಕಳೆದುಹೋದರು. ಕಾರಣಗಳನ್ನು ಊಹಿಸುವುದು ಕಷ್ಟವಲ್ಲ. ಬಸಿರಿನ ಸಾಮಾನ್ಯ ಪರೀಕ್ಷೆಗೆಂದು ನಗುನಗುತ್ತ ಬಂದವಳು, ಮೈಯಲ್ಲಿ ಯಾವ ಬಾಧೆಯೂ ಇಲ್ಲದೆ, ಸಾಯುವವರೆಗೆ ನುಂಗಬೇಕಾದ ಮಾತ್ರೆಗಳ ಡಬ್ಬಿಯನ್ನು ಹಿಡಿದು ಸಂಜೆ ಮನೆಗೆ ಹೋಗಬೇಕು. ಗಂಡನಿಗೆ ಏನು ಹೇಳುವುದು, ಅವನು ಹೊರಗೆ ಹಾಕಿದರೆ ಎಲ್ಲಿಗೆ ಹೋಗುವುದು, ಡಬ್ಬಿಯನ್ನು ಎಲ್ಲಿ ಬಚ್ಚಿಡುವುದು ಎಂಬ ಪ್ರಶ್ನೆಗಳಿಗೆ ಔಷಧಾಲಯದಲ್ಲಿ ಉತ್ತರವಿಲ್ಲ. ಹೊಲದ ಕೆಲಸದ ಕಾಲದಲ್ಲಿ ಒಂದು ದಿನ ಬಿಡುವುದೆಂದರೆ ಒಂದು ದಿನದ ಅನ್ನ ಬಿಡುವುದು. ಅವಳನ್ನು ಹುಡುಕಿಕೊಂಡು ಹೋದ ಆರೋಗ್ಯ ಸಹಾಯಕನ ಸೈಕಲ್ಲು ಮನೆಯ ಮುಂದೆ ನಿಂತಿತೆಂದರೆ, ಅದೇ ಊರಿಗೆಲ್ಲ ಸುದ್ದಿ.

ಈ ಸೋಲಿನಿಂದ ಕಲಿತ ಪಾಠಗಳು ಸರಳವಾದುವು. ಆದರೆ ಅವನ್ನು ಕಲಿಯಲು ವರ್ಷಗಳು ಹಿಡಿದವು. ತಾಯಿಗೆ ಸೋಮವಾರ ಒಂದು ಕೋಣೆ, ಮಗುವಿಗೆ ಗುರುವಾರ ಇನ್ನೊಂದು ಎಂದಿದ್ದ ಏರ್ಪಾಡನ್ನು ಬಿಟ್ಟು, ಇಬ್ಬರನ್ನೂ ಒಂದೇ ದಿನ ಒಂದೇ ಕೋಣೆಯಲ್ಲಿ ನೋಡುವ ಪದ್ಧತಿ ಬಂದಿತು. ಪಾರಾಗಿ ನಿಂತ ತಾಯಂದಿರನ್ನು ಹೊಸಬರಿಗೆ ಜೊತೆಮಾಡಿದರು. ಮಲಾವಿಯಲ್ಲಿ ಇದನ್ನು ಪರೀಕ್ಷಿಸಿ ನೋಡಿದಾಗ, ಎರಡು ವರ್ಷಗಳ ಮೇಲೂ ಚಿಕಿತ್ಸೆಯಲ್ಲಿ ಉಳಿದವರ ಪ್ರಮಾಣ ಸಾಮಾನ್ಯ ಕ್ರಮದಲ್ಲಿ ಶೇಕಡಾ 66ರಷ್ಟಿದ್ದುದು, ಇಂಥ ಜೊತೆಗಾರ್ತಿಯರಿದ್ದಲ್ಲಿ 80ನ್ನು ಮುಟ್ಟಿತು. ಶಿಶುವಿನ ವಿಷಯದಲ್ಲಿಯಂತೂ ಕಾಲವೇ ಪ್ರಾಣ. ದಕ್ಷಿಣ ಆಫ್ರಿಕಾದಲ್ಲಿ ನಡೆದು 2008ರಲ್ಲಿ ಪ್ರಕಟವಾದ ಪರೀಕ್ಷೆಯೊಂದು, ಸೋಂಕಿತ ಶಿಶುವಿಗೆ ಲಕ್ಷಣಗಳಿಗೆ ಕಾಯದೆ ಎಳೆಯ ವಾರಗಳಲ್ಲಿಯೇ ಚಿಕಿತ್ಸೆ ಹಿಡಿದರೆ ಮರಣವು ಮುಕ್ಕಾಲುಪಾಲು ತಗ್ಗುವುದೆಂದು ತೋರಿಸಿತು. ಆರನೆಯ ವಾರದಲ್ಲಿ ಹಿಮ್ಮಡಿಯಿಂದ ತೆಗೆದ ರಕ್ತದ ಹನಿಗಳನ್ನು ಕಾಗದದ ಮೇಲೆ ಒಣಗಿಸಿ ದೂರದ ನಗರಕ್ಕೆ ಕಳುಹುವ ಉಪಾಯವೂ ಬಂದಿತು. ಆದರೆ ಫಲಿತಾಂಶ ಬರುವ ದಿನ ತಾಯಿಯೇ ಬಾರದಿದ್ದರೆ ಆ ಕಾಗದದ ಪ್ರಯೋಜನವೇನು? ವಿಜ್ಞಾನದ ಸಮಸ್ತ ಸಿದ್ಧಿಯೂ ಕೊನೆಗೆ ಒಬ್ಬ ಹೆಂಗಸಿನ ಎರಡನೆಯ ಬರವನ್ನು ಅವಲಂಬಿಸಿ ನಿಲ್ಲುತ್ತದೆ.

ಕನ್ನಡನಾಡಿಗೂ ಈ ಚರಿತ್ರೆಗೂ ನೇರವಾದ ಸಂಬಂಧವುಂಟು. ಭಾರತದಲ್ಲಿ ಸೋಂಕು ಹೆಚ್ಚಾಗಿದ್ದ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದಾಗಿತ್ತು. ಬಾಗಲಕೋಟೆ, ಬೆಳಗಾವಿ ಮೊದಲಾದ ಉತ್ತರದ ಜಿಲ್ಲೆಗಳು ಹೆಚ್ಚಿನ ಭಾರವನ್ನು ಹೊತ್ತವು. ನಮ್ಮ ದೇಶವೂ ಮೊದಲು ಒಂದೇ ಮಾತ್ರೆಯ ನೆವಿರಪಿನ್ ಕ್ರಮವನ್ನೇ ಅನುಸರಿಸಿ, 2012ರ ಸೆಪ್ಟೆಂಬರಿನಲ್ಲಿ ಕರ್ನಾಟಕವೂ ಸೇರಿದಂತೆ ದಕ್ಷಿಣದ ರಾಜ್ಯಗಳಲ್ಲಿ ಬಹು ಔಷಧಗಳ ಕ್ರಮವನ್ನು ಆರಂಭಿಸಿ, 2014ರ ಜನವರಿ 1ರಿಂದ ಮಲಾವಿ ತೋರಿದ ಆಜೀವ ಚಿಕಿತ್ಸೆಯನ್ನು ಸ್ವೀಕರಿಸಿತು. ಇಲ್ಲಿ ತಾಯಿ ಕಳೆದುಹೋಗುವ ದಾರಿ ಬೇರೆ ಬಗೆಯದು. ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವ ನಮ್ಮ ಸಂಪ್ರದಾಯವು ಹೆಣ್ಣಿಗೆ ಬದುಕಿನಲ್ಲಿ ದೊರೆಯುವ ದೊಡ್ಡ ಆಸರೆಗಳಲ್ಲೊಂದು. ಆದರೆ ಗಂಡನ ಊರಿನ ಆಸ್ಪತ್ರೆಯಲ್ಲಿ ಸೋಂಕು ಗೊತ್ತಾದವಳು ಏಳನೆಯ ತಿಂಗಳಲ್ಲಿ ಸೀಮಂತ ಮುಗಿಸಿ ಬೇರೆ ಜಿಲ್ಲೆಯ ತವರಿಗೆ ಹೋದಳೆಂದರೆ, ಅವಳ ಹೆಸರು ಒಂದು ಪುಸ್ತಕದಿಂದ ಜಾರಿ ಇನ್ನೊಂದಕ್ಕೆ ಸೇರುವುದಿಲ್ಲ. ತವರಿನವರಿಗೆ ವಿಷಯ ತಿಳಿಯದಿದ್ದರೆ ಮಾತ್ರೆಯೂ ನಿಲ್ಲುತ್ತದೆ. ಈ ಸೋಂಕಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರದ ಆಪ್ತಸಮಾಲೋಚಕಿಯು ದೂರವಾಣಿಯಲ್ಲಿ ಅವಳನ್ನು ಹಿಂಬಾಲಿಸಿ, ತವರಿನ ಸಮೀಪದ ಕೇಂದ್ರಕ್ಕೆ ಒಪ್ಪಿಸಿ, ಮಗುವಿಗೆ ಆರು ವಾರ, ಆರು ತಿಂಗಳು, ವರ್ಷ, ಒಂದೂವರೆ ವರ್ಷ ತುಂಬಿದಾಗಲೆಲ್ಲ ಪರೀಕ್ಷೆಯನ್ನು ನೆನಪಿಸುವುದು ಎಲ್ಲಿಯೂ ಪ್ರಶಂಸೆ ಪಡೆಯದ, ಆದರೆ ಪ್ರಾಣದಾಯಕವಾದ ಕೆಲಸ. ಸಮ್ಮತಿಯಿಲ್ಲದೆ ಸೋಂಕಿತರ ವಿಷಯವನ್ನು ಹೊರಗೆಡಹಬಾರದೆಂದು ನಮ್ಮ ದೇಶದ 2017ರ ಎಚ್‌ಐವಿ ಕಾನೂನು ವಿಧಿಸಿದೆ. ಊರಿನವಳೇ ಆದ ಆಶಾ ಕಾರ್ಯಕರ್ತೆಯು ಸಹಾಯಕ್ಕೆ ಬರುವಾಗ ಗುಟ್ಟನ್ನು ಕಾಯುವ ಹೊಣೆಯೂ ಅವಳೊಡನೆ ಬರುತ್ತದೆ.

ಶತಮಾನದ ಆರಂಭದಲ್ಲಿ ಜಗತ್ತಿನಲ್ಲಿ ವರ್ಷಕ್ಕೆ 5 ಲಕ್ಷದ ಆಸುಪಾಸು ಮಕ್ಕಳಿಗೆ ಹೊಸದಾಗಿ ಸೋಂಕು ತಗಲುತ್ತಿತ್ತು. 2023ರಲ್ಲಿ ಆ ಸಂಖ್ಯೆ 1 ಲಕ್ಷ 20 ಸಾವಿರಕ್ಕೆ ಇಳಿದಿತ್ತು. 2015ರಲ್ಲಿ ಕ್ಯೂಬಾ ದೇಶವು ತಾಯಿಯಿಂದ ಮಗುವಿಗೆ ಸೋಂಕು ದಾಟುವುದನ್ನು ಬಹುಮಟ್ಟಿಗೆ ನಿರ್ಮೂಲಗೊಳಿಸಿದ ಮೊದಲ ದೇಶವೆಂಬ ಮನ್ನಣೆಗೆ ಪಾತ್ರವಾಯಿತು. ಇಷ್ಟಾದರೂ ಸೋಂಕು ತಗಲಿದ ಮಕ್ಕಳ ಪೈಕಿ ಅನೇಕರು, ತಾಯಿ ಒಮ್ಮೆ ಚಿಕಿತ್ಸೆಗೆ ಬಂದು ನಡುವೆ ಬಿಟ್ಟುಹೋದುದರಿಂದ ಸೋಂಕು ಪಡೆದವರು. 2025ರ ಜನವರಿಯಲ್ಲಿ ಅಮೆರಿಕೆಯು ತನ್ನ ವಿದೇಶೀ ನೆರವನ್ನು ಒಮ್ಮೆಲೇ ತಡೆಹಿಡಿದಾಗ, ಆಫ್ರಿಕಾದಲ್ಲಿ ಮೊದಲ ಪೆಟ್ಟು ತಿಂದವರಲ್ಲಿ, ಆ ಹಣದಿಂದ ಸಂಬಳ ಪಡೆದು ತಾಯಂದಿರ ದಾರಿ ಕಾಯುತ್ತಿದ್ದ ಇಂಥ ಕೆಲಸಗಾರರೂ ಇದ್ದರು. ಲೆಕ್ಕಪತ್ರದಲ್ಲಿ ಮಾತ್ರೆಯು ಅವಶ್ಯಕವೆಂದೂ, ಕಾಯುವವಳು ಹೆಚ್ಚಿನ ವೆಚ್ಚವೆಂದೂ ಕಾಣುವುದು ಸುಲಭ. ಮೂವತ್ತು ವರ್ಷಗಳ ಚರಿತ್ರೆ ಇದಕ್ಕೆ ವಿರುದ್ಧವಾಗಿ ಸಾಕ್ಷಿ ನುಡಿಯುತ್ತದೆ. ತಾಯಿಯನ್ನು ಮಗುವಿನತ್ತ ಸಾಗುವ ದಾರಿಯೆಂದು ಮಾತ್ರ ಎಣಿಸಿದಲ್ಲೆಲ್ಲ ಅವಳು ಮರಳಲಿಲ್ಲ. ಅವಳೇ ಉಳಿಯತಕ್ಕ ಜೀವವೆಂದು ಬಗೆದು, ಅವಳ ಭಯವನ್ನು ಬಲ್ಲ ಒಬ್ಬಳನ್ನು ಅವಳಿಗಾಗಿ ನಿಯಮಿಸಿದಲ್ಲಿ ಅವಳು ಬಂದಳು, ಮಗುವನ್ನೂ ತಂದಳು. ಆದುದರಿಂದ ಹಣವು ಕುಗ್ಗುವ ಕಾಲದಲ್ಲಿ ಯಾವುದನ್ನು ಕೊನೆಯವರೆಗೆ ಉಳಿಸಿಕೊಳ್ಳಬೇಕೆಂದು ಕೇಳುವ ಸರ್ಕಾರಗಳಿಗೆ ಈ ಚರಿತ್ರೆ ಕೊಡುವ ಉತ್ತರ ಸ್ಪಷ್ಟವಾಗಿದೆ: ಮಾತ್ರೆಯನ್ನೂ ಅದನ್ನು ನುಂಗುವವಳಿಗಾಗಿ ಕಾಯುವ ಹೆಂಗಸನ್ನೂ ಒಂದೇ ಚಿಕಿತ್ಸೆಯ ಎರಡು ಅಂಗಗಳೆಂದು ತಿಳಿದು, ಎರಡಕ್ಕೂ ಒಂದೇ ಭದ್ರತೆಯನ್ನು ಕಲ್ಪಿಸಬೇಕು.